ಸೋಗಾನೆಯಿಂದ ಬೆಂಗಳೂರಿಗೆ ವಿಮಾನ: ಒಂದು ಗಂಟೆ ಹಾರಾಟ, ಮನೆಯಿಂದ ಲೆಕ್ಕ ಹಾಕಿದ್ರೆ ಎಷ್ಟು?

ಶಿವಮೊಗ್ಗ: ‘ಬೆಂಗಳೂರು ಈಗ ಬರೀ ಒಂದು ಗಂಟೆ’. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಇಳಿದಾಗಿನಿಂದ ಜಿಲ್ಲೆಯಲ್ಲಿ ಕೇಳಿಬರುತ್ತಿರುವ ಮಾತಿದು. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಸೋಗಾನೆಯಿಂದ ದೇವನಹಳ್ಳಿಗೆ ಆಕಾಶಮಾರ್ಗದಲ್ಲಿ ನೇರ ದೂರ ಸುಮಾರು 240 ಕಿ.ಮೀ. ರೈಲಿನಲ್ಲಿ ಸುಮಾರು 275, ರಸ್ತೆಯಲ್ಲಿ 300ರ ಆಸುಪಾಸು. ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಹತ್ತಿರ. ಹಾಗೆ ನೋಡಿದ್ರೆ ಅರ್ಧ ಗಂಟೆ ಸಾಕು. ಆದರೆ ಮೇಲೇರೋದು, ಇಳಿಯೋದು, ರನ್‌ವೇಗೆ ಕಾಯೋದು ಎಲ್ಲ ಸೇರಿ ವೇಳಾಪಟ್ಟಿಯಲ್ಲಿ ಒಂದರಿಂದ ಒಂದೂಕಾಲು ಗಂಟೆ.

ಅಂಗಡಿಯವರ ಲೆಕ್ಕ

ಸಾಗರದ ಬಟ್ಟೆ ವ್ಯಾಪಾರಿಯೊಬ್ಬರು ಚಿಕ್ಕಪೇಟೆಗೆ ಖರೀದಿಗೆ ಹೊರಟರು ಅಂತ ಇಟ್ಟುಕೊಳ್ಳಿ. ಸೋಗಾನೆ ತಲುಪಲು ಸುಮಾರು 2 ಗಂಟೆ. ಚೆಕ್‌ಇನ್, ತಪಾಸಣೆಗೆ ಮುಂಚೆಯೇ ಬರಬೇಕು, ಅದಕ್ಕೆ ಒಂದೂಕಾಲು ಗಂಟೆ. ಹಾರಾಟ 1 ಗಂಟೆ 10 ನಿಮಿಷ. ಬ್ಯಾಗು ಸಿಗಲು 20 ನಿಮಿಷ. ದೇವನಹಳ್ಳಿಯಿಂದ ಚಿಕ್ಕಪೇಟೆಗೆ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ. ಒಟ್ಟು ಆರೂಕಾಲು ಗಂಟೆ. ರಸ್ತೆಯಲ್ಲಿ ಹೋದರೆ ಏಳೆಂಟು ಗಂಟೆ. ಉಳಿಯೋದು ಒಂದು, ಒಂದೂವರೆ ಗಂಟೆ ಅಷ್ಟೇ.

ಭದ್ರಾವತಿಯವರಿಗೆ ಸೋಗಾನೆ ಅರ್ಧ ಗಂಟೆ ದಾರಿ. ಆದರೂ ಒಟ್ಟು ನಾಲ್ಕೂಮುಕ್ಕಾಲು ಗಂಟೆ ಆಗುತ್ತೆ. ಜನಶತಾಬ್ದಿ ರೈಲು ಹೆಚ್ಚುಕಮ್ಮಿ ಅಷ್ಟೇ ಹೊತ್ತಿನಲ್ಲಿ ಊರೊಳಗೇ ಇಳಿಸುತ್ತೆ. ಸಾಗರದವರಿಗೆ ತಾಳಗುಪ್ಪ–ಮೈಸೂರು ರಾತ್ರಿ ರೈಲು ಇದೆ. ಮಲಗಿ ಎದ್ದರೆ ಬೆಂಗಳೂರು, ಇಡೀ ಹಗಲು ವ್ಯಾಪಾರಕ್ಕೆ ಸಿಗುತ್ತೆ.

ವೇಳೆಯೇ ಸಮಸ್ಯೆ

ಆರಂಭದ ವೇಳಾಪಟ್ಟಿಯಲ್ಲಿ ಬೆಳಗ್ಗೆ 11ರ ಸುಮಾರಿಗೆ ಬಂದ ವಿಮಾನ ಸ್ವಲ್ಪ ಹೊತ್ತಿಗೇ ವಾಪಸ್ ಹೊರಡುತ್ತಿತ್ತು. ಅದರಲ್ಲಿ ಹೋದವರು ಪೇಟೆ ಮುಟ್ಟುವಾಗ ಮಧ್ಯಾಹ್ನ 2 ಗಂಟೆ. ಅದೇ ದಿನ ವಿಮಾನದಲ್ಲಿ ವಾಪಸ್ ಬರೋ ಮಾತೇ ಇಲ್ಲ. ವೇಳೆ ಆಗಾಗ ಬದಲಾಗುತ್ತೆ, ಬುಕ್ ಮಾಡುವ ಮುನ್ನ ನೋಡಿಕೊಳ್ಳಬೇಕು. ಮಲೆನಾಡಿನ ಮಳೆ, ಮಂಜಿನ ದಿನಗಳಲ್ಲಿ ತಡವಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹಾಗಾದ್ರೆ ಲಾಭ ಯಾರಿಗೆ?

ದೇವನಹಳ್ಳಿಯಲ್ಲಿ ವಿಮಾನ ಬದಲಿಸಿ ದೆಹಲಿ, ಮುಂಬೈ, ದುಬೈಗೆ ಹೋಗುವವರಿಗೆ. ಅವರು ಬೆಂಗಳೂರು ಪೇಟೆಯೊಳಗೆ ಬರಬೇಕಾಗಿಯೇ ಇಲ್ಲ, ರಾತ್ರಿ ಬಸ್ಸಿನ ಗೋಳೂ ತಪ್ಪುತ್ತೆ. ಬೆಂಗಳೂರಿನ ಉತ್ತರ ಭಾಗದಲ್ಲಿ ಕೆಲಸ ಇರುವವರಿಗೂ ಅನುಕೂಲವೇ.

ಉಳಿದವರಿಗೂ ವಿಮಾನ ಉಪಯೋಗಕ್ಕೆ ಬರಬೇಕಾದರೆ ಬೇಕಾದ್ದು ಎರಡು. ಬೆಳಗ್ಗೆ ಬೇಗ ಹೋಗಿ ಸಂಜೆ ವಾಪಸ್ ಬರುವ ವೇಳೆ, ಮತ್ತು ತಾಲೂಕು ಕೇಂದ್ರಗಳಿಂದ ವಿಮಾನದ ಸಮಯಕ್ಕೆ ಸರಿಯಾಗಿ ಸೋಗಾನೆಗೆ ಬಸ್ಸು. ಆಕಾಶದಲ್ಲಿ ಉಳಿಸಿದ ಸಮಯ ನೆಲದ ಮೇಲೆ ಸೋರಿಹೋಗುತ್ತಿದ್ದರೆ ಟಿಕೆಟ್‌ಗೆ ಕೊಟ್ಟ ದುಡ್ಡು ಗಿಟ್ಟೋದಿಲ್ಲ.