ಬೊಕ್ಕಸದ ಬೀಗದ ಕೈ



ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದ ಕಾಲದ್ದೆಂದು ಪುರಾಣಗಳು ಹೇಳುವ ಪ್ರಸಂಗವೊಂದು ನಮಗೆಲ್ಲ ತಿಳಿದದ್ದೇ. ಅರಸನ ಹೊನ್ನನ್ನು ಭಂಡಾರಿಯು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯರು ದೂರಿತ್ತರು. ಭಂಡಾರವನ್ನು ತೆರೆದು ಎಣಿಸಲಾಯಿತು. ಒಂದು ಹೊನ್ನೂ ಕಡಿಮೆಯಿರಲಿಲ್ಲ. ಇದರಲ್ಲಿ ಪವಾಡವೆಷ್ಟು, ಚರಿತ್ರೆಯೆಷ್ಟು ಎಂಬ ಜಿಜ್ಞಾಸೆ ಇರಲಿ. ಬೀಗದ ಕೈ ಹಿಡಿದವನು ಲೆಕ್ಕ ತೋರಿಸಲು ಸದಾ ಸಿದ್ಧನಿರಬೇಕೆಂಬ ನೀತಿಯಂತೂ ಇದರಲ್ಲಿದೆ.

ಇಂದು ನಮ್ಮ ರಾಜ್ಯದಲ್ಲಿ ತೆರಿಗೆ, ವೆಚ್ಚ, ಸಾಲಗಳ ಕುರಿತು ನಡೆದಿರುವ ವಾಗ್ವಾದವನ್ನು ಕೇಳಿದಾಗ ಈ ಪ್ರಸಂಗ ನೆನಪಾಗುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತ ಭಕ್ತರೂ ಪಕ್ಷದ ಬಣ್ಣ ಹಚ್ಚಿಕೊಂಡೇ ಲೆಕ್ಕ ಮಾಡುತ್ತಿರುವುದು ವಿಷಾದನೀಯ.

2023ರಲ್ಲಿ ಕಾಂಗ್ರೆಸ್ ಸರ್ಕಾರವು ಐದು ಗ್ಯಾರಂಟಿಗಳನ್ನು ಜಾರಿಗೆ ತಂದಿತು. ಅದೇ ವರ್ಷದ ಜುಲೈ ಬಜೆಟ್ಟಿನಲ್ಲಿ 12,523 ಕೋಟಿ ರೂಪಾಯಿಗಳ ರಾಜಸ್ವ ಕೊರತೆ ಕಾಣಿಸಿಕೊಂಡಿತು. ರಾಜ್ಯವನ್ನು ಸಾಲದ ಮಡುವಿಗೆ ನೂಕಲಾಗಿದೆಯೆಂದು ಬಿಜೆಪಿ ಆಕ್ಷೇಪಿಸಿತು. ಕೇಂದ್ರವು ನಮ್ಮ ಪಾಲನ್ನು ಕೊಡುತ್ತಿಲ್ಲವೆಂದು ಕಾಂಗ್ರೆಸ್ ಮರುನುಡಿಯಿತು. 2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಮುಖ್ಯಮಂತ್ರಿಗಳೇ ಧರಣಿ ಕುಳಿತರು. 14ನೆಯ ಹಣಕಾಸು ಆಯೋಗವು ಕರ್ನಾಟಕಕ್ಕೆ ಇತ್ತ ಶೇ. 4.713ರ ಪಾಲು 15ನೆಯ ಆಯೋಗದಲ್ಲಿ ಶೇ. 3.647ಕ್ಕೆ ಇಳಿದದ್ದು ನಿಜ. ರಾಜ್ಯದ ಸಾಲ ಬೆಳೆದದ್ದೂ ನಿಜ: 2025-26ರ ಬಜೆಟ್ಟು ವರ್ಷಾಂತ್ಯಕ್ಕೆ ಅಂದಾಜಿಸಿದ ಹೊಣೆ 7,64,655 ಕೋಟಿ. ಎರಡು ಸತ್ಯಗಳಿದ್ದರೂ ಪ್ರತಿಯೊಬ್ಬರೂ ತಮಗೆ ಒಪ್ಪುವ ಒಂದನ್ನೇ ಹಿಡಿದು ಕೂಗುತ್ತಾರೆ.

ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಡವೇ? 2022ರಲ್ಲಿ ಪ್ರಧಾನಿಗಳು 'ರೇವ್ಡಿ' ಹಂಚುವ ರಾಜಕಾರಣವನ್ನು ಖಂಡಿಸಿದರು. ಮರುವರ್ಷವೇ ಮಧ್ಯಪ್ರದೇಶದಲ್ಲಿ, 2024ರಲ್ಲಿ ಮಹಾರಾಷ್ಟ್ರದಲ್ಲಿ, ಅವರದೇ ಪಕ್ಷವಿದ್ದ ಸರ್ಕಾರಗಳು ಮಹಿಳೆಯರ ಖಾತೆಗೆ ತಿಂಗಳ ಹಣ ಹಾಕತೊಡಗಿದವು. 2019ರಲ್ಲಿ ಕೇಂದ್ರವು ಕಂಪನಿಗಳ ಮೇಲಿನ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ ಬಿಟ್ಟುಕೊಟ್ಟ ವರಮಾನ 1.45 ಲಕ್ಷ ಕೋಟಿಯೆಂದು ತಾನೇ ಅಂದಾಜಿಸಿತ್ತು. ಬಡವಳಿಗೆ ಕೊಟ್ಟದ್ದು ಬಿಟ್ಟಿ, ಕಂಪನಿಗೆ ಬಿಟ್ಟದ್ದು ಪ್ರೋತ್ಸಾಹ ಎನ್ನುವುದು ಯಾವ ನ್ಯಾಯ? ಹಾಗೆಯೇ, ಕೇಂದ್ರದ ಸಾಲವನ್ನು ಹಳಿಯುವವರು ತಮ್ಮ ಸಾಲವನ್ನು ಮಾತ್ರ ಜನಕಲ್ಯಾಣವೆಂದು ಕರೆಯುವುದೂ ಆತ್ಮವಂಚನೆಯೇ.

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯೋಣ. ಪತಿ ಮಾರಯ್ಯನವರು ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದರು. ಇದು ಕೊಡಬೇಡಿರೆಂಬ ಬೋಧೆಯಲ್ಲ. ಅವರ ಮನೆಯಲ್ಲಿ ದಾಸೋಹ ನಿತ್ಯವೂ ನಡೆಯುತ್ತಿತ್ತು. ದಾಸೋಹವು ಅಂದಿನ ಕಾಯಕದಿಂದಲೇ ಬರಬೇಕೆಂಬುದು ಅದರ ತಾತ್ಪರ್ಯ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಬಸ್ಸಿನ ಪ್ರಯಾಣ ಉಚಿತವಾದರೆ ಅವಳ ಕಾಯಕಕ್ಕೆ ಆಸರೆಯೇ ಆಯಿತು, ಅದನ್ನು ಹೀಗಳೆಯಲಾಗದು. ಆದರೆ ಪ್ರತಿ ತಿಂಗಳೂ ಕೊಡುವುದನ್ನು ಪ್ರತಿ ತಿಂಗಳ ತೆರಿಗೆಯಿಂದ ಕೊಡಬೇಕು. ಕೆರೆ, ಕಾಲುವೆ, ಶಾಲೆಗಳಂತೆ ಮಕ್ಕಳ ಕಾಲಕ್ಕೂ ಉಳಿಯುವಂಥದಕ್ಕೆ ಸಾಲ ತಂದರೆ ತೀರಿಸುವ ಮಕ್ಕಳಿಗೆ ಅದರ ಫಲವಾದರೂ ದಕ್ಕೀತು. ಉಂಡವರು ನಾವು, ತೀರಿಸುವವರು ಅವರು ಎಂದಾಗಬಾರದು. ಕೇಂದ್ರವು 2025-26ರಲ್ಲಿ ಬಡ್ಡಿಗೆಂದೇ 12.76 ಲಕ್ಷ ಕೋಟಿ ತೆಗೆದಿರಿಸಿತು ಎಂಬುದನ್ನು ಎಲ್ಲ ಪಕ್ಷದವರೂ ಧ್ಯಾನಿಸಬೇಕು.

ಈ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು. ನಿತ್ಯದ ವೆಚ್ಚಕ್ಕೆ ಸಾಲ ಮಾಡಬಾರದೆಂಬುದೇ ಅದರ ತಿರುಳು. ಆ ಗೆರೆಯನ್ನು ದಾಟಿದವರಲ್ಲಿ ಎರಡೂ ಪಕ್ಷದವರಿದ್ದಾರೆ. ಬಿಜೆಪಿಯ ಕಾಲದ 2020-21ರ ಕೊರತೆಗೆ ಕೋವಿಡ್ ಕಾರಣವಾಗಿತ್ತು. ಅನಂತರದ ಕೊರತೆಗೆ ಕೊಟ್ಟ ಮಾತು ಕಾರಣವಾಯಿತು.

ಕೊನೆಗೆ ನಮ್ಮ ಮನೆಯ ಮಾತು. 2008ರ ಅನಂತರದ ಹಲವು ಬಜೆಟ್ಟುಗಳಲ್ಲಿ ಮಠ-ಮಂದಿರಗಳಿಗೂ ಅನುದಾನ ಹರಿದುಬಂತು. ಆಗ ನಾವು ಯಾರೂ ಬೊಕ್ಕಸ ಬರಿದಾದೀತೆಂದು ಮರುಗಲಿಲ್ಲ. ಅನ್ಯರ ಕೈಗೆ ಹೋದದ್ದು ಮಾತ್ರ ದುಂದುವೆಚ್ಚವೆನ್ನುವ ಮನಸ್ಸು ಮೊದಲು ತಿದ್ದಿಕೊಳ್ಳಬೇಕಾದದ್ದು ಇಲ್ಲಿಯೇ. ಆದುದರಿಂದ ಮತ ಕೇಳಲು ಬರುವವರು ಯಾರೇ ಆಗಲಿ, 'ಎಷ್ಟು ಕೊಡುವಿರಿ' ಎಂದಷ್ಟೇ ಕೇಳದೆ, 'ಎಲ್ಲಿಂದ ತರುವಿರಿ, ಯಾರು ತೀರಿಸುವರು' ಎಂದೂ ಕೇಳೋಣ. ನಮಗೆ ಪ್ರಿಯವಾದ ಪಕ್ಷವನ್ನು ಇನ್ನಷ್ಟು ಬಿಗಿಯಾಗಿ ಕೇಳೋಣ. ಭಂಡಾರದ ಬಾಗಿಲು ತೆರೆಯಲು ಅಳುಕುವವನಿಗೆ ಬೀಗದ ಕೈ ಕೊಡಲಾಗದು.