ತುಪ್ಪಳವೊಂದೇ ಕಂಬಳಿಯಲ್ಲ

ಕಳೆದ ವಾರ ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲಪ್ರಶ್ನೆಗಳು ಮುಗಿದ ಮೇಲೆ, ಮಗಳ ಹಟಕ್ಕೆ ಮಣಿದು ಎರಡು ಗಿನಿಪಿಗ್‌ಗಳನ್ನು ತಂದಿರುವ ಸಂಗತಿ ಹೇಳಿದ. ಹಿತ್ತಲಿನ ಮೂಲೆಯಲ್ಲಿ ಮರದ ಗೂಡು ಇಟ್ಟಿದ್ದಾನಂತೆ. "ಚಳಿಗಾಲ ಬಂತು ಸಾರ್. ನಿಮ್ಮ ಮಗಳ ಮನೆಯಲ್ಲೂ ಗಿನಿಪಿಗ್ ಇದ್ದವಲ್ಲ, ಗೂಡಿಗೆ ಎಷ್ಟು ಕಂಬಳಿ ಹೊದಿಸಬೇಕು?" ಎಂದು ಕೇಳಿದ.

"ಕಂಬಳಿಯ ಲೆಕ್ಕ ಬೇಡಪ್ಪಾ, ಅವನ್ನು ಮನೆಯೊಳಕ್ಕೆ ತಂದುಬಿಡು" ಎಂದೆ.

ಅವನು ನಕ್ಕ. "ಪ್ರಾಣಿಗಳಿಗೆ ತುಪ್ಪಳವೇ ಪ್ರಕೃತಿ ಹೊದಿಸಿದ ಕಂಬಳಿ ಅಂತ ಏಳನೇ ಕ್ಲಾಸಿನಲ್ಲಿ ಬರೆಸಿದ್ದು ನೀವೇ ಅಲ್ವಾ ಸಾರ್?"

ಹೌದು, ಬರೆಸಿದ್ದು ನಾನೇ. ಒಂದು ವರ್ಷವಲ್ಲ, ಸೇವೆಯಲ್ಲಿದ್ದ ಅಷ್ಟೂ ವರ್ಷ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಆ ವಾಕ್ಯವನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೀರಿ. ಅದು ಅರ್ಧ ಸತ್ಯವೆಂದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಒಂದು ಪುಟ್ಟ ಜೀವದ ಬೆಲೆ ತೆತ್ತ ಮೇಲೆ. ಆ ತಿದ್ದುಪಡಿಯನ್ನು ನಿಮ್ಮೆಲ್ಲರಿಗೂ ಒಪ್ಪಿಸುವುದು ನನ್ನ ಕರ್ತವ್ಯ.

2010ರ ಡಿಸೆಂಬರಿನಲ್ಲಿ ನಾನು ಲೀಡ್ಸ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಬ್ರಿಟನ್ನಿನ 1910ರಿಂದೀಚಿನ ರಾಷ್ಟ್ರೀಯ ಹವಾಮಾನ ದಾಖಲೆಗಳಲ್ಲಿ ಅದೇ ಅತ್ಯಂತ ಚಳಿಯ ಡಿಸೆಂಬರ್. ಒಂಬತ್ತು ವರ್ಷದ ಮೊಮ್ಮಗಳ ಬಳಿ ಎರಡು ಗಿನಿಪಿಗ್‌ಗಳಿದ್ದವು. ಕಂದುಬಣ್ಣದ್ದು ಬೆಲ್ಲ, ಬಿಳಿಯದು ಅವಲಕ್ಕಿ. ಹಿಮ ಬೀಳತೊಡಗಿದಾಗ ಮಗಳು ಗೂಡನ್ನು ಒಳಗಿಡೋಣವೆಂದಳು. ನಾನೇ ತಡೆದೆ. "ಮನೆಯೆಲ್ಲ ಗಲೀಜಾಗುತ್ತದೆ. ಅವಕ್ಕೆ ತುಪ್ಪಳ ಇದೆಯಲ್ಲ, ಇನ್ನೊಂದು ಕಂಬಳಿ ಹೊದಿಸಿದರೆ ಸಾಕು" ಎಂದೆ. ವಿಜ್ಞಾನದ ಮೇಷ್ಟ್ರ ಮಾತು, ಮಗಳು ಒಪ್ಪಿಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ಮೊಮ್ಮಗಳು ಹಿತ್ತಲಿನಿಂದ ಓಡಿಬಂದು, "ಅಜ್ಜ, ಅವಲಕ್ಕಿ ಚಳಿಗಾಲದ ನಿದ್ದೆ ಮಾಡ್ತಾ ಇದೆ!" ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು. ಏಕೆಂದರೆ ಹಿಂದಿನ ವಾರವಷ್ಟೇ ಕಪ್ಪೆ, ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್ ಮುಂತಾದವು ಚಳಿಗಾಲವಿಡೀ ನಿದ್ರಿಸುವ ಬಗೆಯನ್ನು ನಾನು ಅವಳಿಗೆ ವಿವರಿಸಿದ್ದೆ. ಹೋಗಿ ನೋಡಿದೆ. ಕಂಬಳಿಯ ಅಂಚು ಹಿಮದಲ್ಲಿ ತೊಯ್ದು ಸೆಟೆದುಕೊಂಡಿತ್ತು. ಕೆಳಗಿನ ಹುಲ್ಲು ಒದ್ದೆ. ನೀರಿನ ಸೀಸೆಯ ನಳಿಕೆ ಹೆಪ್ಪುಗಟ್ಟಿ ಹನಿ ನೀರೂ ಬರುತ್ತಿರಲಿಲ್ಲ. ಪಶುವೈದ್ಯೆಯ ಬಳಿಗೆ ಒಯ್ದೆವು. ಮಧ್ಯಾಹ್ನದ ಹೊತ್ತಿಗೆ ಅವಲಕ್ಕಿ ಸತ್ತಿತ್ತು. ಆಕೆ ಯಾರನ್ನೂ ದೂರಲಿಲ್ಲ. "ಈ ಪ್ರಾಣಿಗಳಿಗೆ ಚಳಿಗಾಲದ ನಿದ್ರೆ ಇಲ್ಲ" ಎಂದಷ್ಟೇ ಹೇಳಿದರು. ಆ ಮಾತು ಮೊಮ್ಮಗಳಿಗಿಂತ ಹೆಚ್ಚಾಗಿ ನನಗೆ ನಾಟಿತು. ಅಂದು ಸಂಜೆಯೇ ಬೆಲ್ಲನ ಗೂಡು ಮನೆಯೊಳಗೆ ಬಂತು.

ಅನಂತರವೇ ನಾನು ಈ ಪ್ರಾಣಿಯ ಬಗ್ಗೆ ಓದಿದ್ದು. ಹೆಸರಿನಲ್ಲಿ ಹಂದಿ ಇದ್ದರೂ ಇದು ಹಂದಿಯಲ್ಲ, ದಂಶಕ. ಗಿನಿ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. ಸಾವಿರಾರು ವರ್ಷಗಳ ಹಿಂದೆಯೇ ಅಲ್ಲಿನ ಜನ ಇದನ್ನು ಪಳಗಿಸಿದರು. ಹದಿನಾರನೆಯ ಶತಮಾನದಲ್ಲಿ ಇದು ಯೂರೋಪನ್ನು ತಲುಪಿತು. ನಮ್ಮಂತೆಯೇ ಇದರ ದೇಹವೂ ಸಿ ಜೀವಸತ್ತ್ವವನ್ನು ತಾನೇ ತಯಾರಿಸಿಕೊಳ್ಳಲಾರದು.

"ಪರ್ವತದ ಪ್ರಾಣಿಗೆ ಚಳಿ ಯಾವ ಲೆಕ್ಕ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದರ ಕಾಡಿನ ಬಂಧುಗಳು ದಟ್ಟ ಹುಲ್ಲಿನ ನಡುವೆ ದಾರಿ ಮಾಡಿಕೊಂಡು, ಬಿಲಗಳಲ್ಲಿ ಅಡಗಿ, ಒಂದಕ್ಕೊಂದು ಮೈ ತಾಗಿಸಿಕೊಂಡು ಬದುಕುತ್ತವೆ. ಗಾಳಿ ಬಂದರೆ ಜಾಗ ಬದಲಿಸುತ್ತವೆ, ನೆಲ ಒದ್ದೆಯಾದರೆ ಒಣಗಿದೆಡೆಗೆ ಸರಿಯುತ್ತವೆ. ಸಾಕಿದ ಗಿನಿಪಿಗ್‌ಗಳೋ, ಪೆರು ಮತ್ತು ಬೊಲಿವಿಯಾದ ಬೆಟ್ಟನಾಡಿನಲ್ಲಿ ರೈತರ ಅಡುಗೆಮನೆಯಲ್ಲೇ ಬೆಳೆದುಬಂದವು. ಒಲೆಯ ಕಾವಿನಲ್ಲಿ, ನೆಲಕ್ಕೆ ಬಿದ್ದ ಸೊಪ್ಪುಸಿಪ್ಪೆ ತಿನ್ನುತ್ತ ಓಡಾಡಿಕೊಂಡಿರುವುದು ಅಲ್ಲಿನ ಹಳೆಯ ಪದ್ಧತಿ. ಅಲ್ಲಿಯವರು ಅವನ್ನು ಸಾಕುವುದು ಆಹಾರಕ್ಕಾಗಿ ಎಂಬುದನ್ನು ಮರೆಯಬೇಡಿ. ತಿನ್ನಲು ಸಾಕುವವರು ಒಲೆಯ ಬಳಿ ಜಾಗ ಕೊಟ್ಟರು. ಪ್ರೀತಿಗಾಗಿ ಸಾಕುವ ನಾವು ಹಿತ್ತಲಿನ ಕೊನೆಗೆ ಕಳಿಸಿದೆವು.

ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ನೀಡುವ ಸಲಹೆ ಸ್ಪಷ್ಟವಾಗಿದೆ. ಗಿನಿಪಿಗ್‌ಗಳಿಗೆ ಹಿತವಾದ ಉಷ್ಣತೆ 17ರಿಂದ 20 ಡಿಗ್ರಿ ಸೆಲ್ಸಿಯಸ್. 15ಕ್ಕಿಂತ ಕೆಳಗಿಳಿದರೆ ಅವು ಒಳಗಿರಬೇಕು. ಇಂಗ್ಲೆಂಡಿನ ಚಳಿಗಾಲದ ಯಾವ ದಿನ ಹೊರಗೆ 15 ಡಿಗ್ರಿ ಇರುತ್ತದೆ? ಅಪರೂಪಕ್ಕೊಮ್ಮೆ ಇದ್ದರೆ ಹೆಚ್ಚು. ದೇಹ ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು. ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ತೊಯ್ದ ತುಪ್ಪಳವಂತೂ ಶಾಖವನ್ನು ಹಿಡಿದಿಡದು.

ಇನ್ನೊಂದು ಕಾರಣ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಜನ ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮರಳುತ್ತಾರೆ. ಹೊರಗಿನ ಗೂಡಿನತ್ತ ನಡುಗುತ್ತ ಹೋಗಿ, ಹುಲ್ಲು ಹಾಕಿ, ಓಡಿಬರುತ್ತಾರೆ. ಗಿನಿಪಿಗ್ ಒಂದು ದಿನ ತಿನ್ನುವುದನ್ನು ಬಿಟ್ಟರೂ ಪ್ರಾಣಾಪಾಯ. ಅದನ್ನು ಆ ಅವಸರದಲ್ಲಿ ಗುರುತಿಸುವವರಾರು? ಒಳಗೆ ಬಂದ ಬೆಲ್ಲ, ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಚೀಲ ಸರಿದಾಡಿದರೆ ಸಾಕು, ಸೌತೆಕಾಯಿ ಬಂತೆಂದು ಮನೆ ಮೊಳಗುವಂತೆ ಕೂಗುತ್ತಿತ್ತು. ಒಂದು ದಿನ ಕೂಗದಿದ್ದರೆ ಮನೆಯವರೆಲ್ಲರಿಗೂ ತಿಳಿಯುತ್ತಿತ್ತು.

ಮನೆ ಚಿಕ್ಕದು, ವಾಸನೆ ಬರುತ್ತದೆ ಎಂಬ ಆಕ್ಷೇಪಗಳು ನನ್ನವೂ ಆಗಿದ್ದವು. ವಾಸನೆ ಬರುವುದು ತೊಳೆಯದ ಗೂಡಿನಿಂದ, ಪ್ರಾಣಿಯಿಂದಲ್ಲ ಎಂದು ಎರಡೇ ವಾರದಲ್ಲಿ ಅರಿವಾಯಿತು. ಆದರೂ ಕೆಲವರಿಗೆ, ಮನೆಯಲ್ಲಿ ಒಣಹುಲ್ಲಿನ ಅಲರ್ಜಿ ಇರುವವರಿಗೆ, ಒಳಗಿಡುವುದು ನಿಜಕ್ಕೂ ಸಾಧ್ಯವಾಗದು. ಅಂಥವರು ಗಾಳಿಮಳೆ ತಾಗದ ಶೆಡ್ಡಿನೊಳಗಾದರೂ ಇಡಲಿ. ಕಾರು ನಿಲ್ಲಿಸುವ ಜಾಗ ಮಾತ್ರ ಬೇಡ, ಅದರ ಹೊಗೆ ಮಾರಕ. ಗೂಡು ನೆಲದಿಂದ ಎತ್ತರದಲ್ಲಿರಲಿ. ಮಲಗುವ ಪೆಟ್ಟಿಗೆಯಲ್ಲಿ ಒಣಹುಲ್ಲು ಮೈ ಮುಳುಗುವಷ್ಟಿರಲಿ. ಅದು ಹಾಸಿಗೆಯೂ ಹೌದು, ಆಹಾರವೂ ಹೌದು. ಒದ್ದೆಯಾದ ಹುಲ್ಲನ್ನು ಅಂದಂದೇ ತೆಗೆಯಬೇಕು. ಹೊದಿಕೆ ಹಾಕಿದರೂ ಗಾಳಿಯಾಡಲು ಬಿಡಬೇಕು. ಪೂರ್ತಿ ಮುಚ್ಚಿದ ಗೂಡಿನಲ್ಲಿ ಮೂತ್ರದ ಘಾಟು ಕಟ್ಟಿ ಶ್ವಾಸಕೋಶ ಕೆಡುತ್ತದೆ. ನೀರು ಹೆಪ್ಪುಗಟ್ಟಿದೆಯೇ ಎಂದು ದಿನಕ್ಕೆ ಹಲವು ಬಾರಿ ನೋಡಬೇಕು. ಒಂಟಿಯಾಗಿ ಇಡಲೇಬಾರದು. ಗೂಡಿನ ಬಳಿ ಒಂದು ಉಷ್ಣಮಾಪಕ ತೂಗುಹಾಕಿ, ಊಹೆಯನ್ನು ಬಿಟ್ಟು ಅದರ ಮಾತನ್ನು ನಂಬಬೇಕು. ಒಳಗೆ ತಂದವರೂ ಹೀಟರಿಗೆ ಆನಿಸಿ ಇಡಬಾರದು. 26 ಡಿಗ್ರಿ ಮೀರಿದರೆ ಸೆಕೆಯೂ ಅವಕ್ಕೆ ಅಷ್ಟೇ ಅಪಾಯ.

ಇಷ್ಟೆಲ್ಲ ಮಾಡುವ ಶ್ರಮಕ್ಕಿಂತ ಬಾಗಿಲು ತೆರೆದು ಒಳಗೆ ತರುವುದು ಸುಲಭವೆಂಬುದೇ ನನ್ನ ಅಭಿಪ್ರಾಯ.

ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ಪುಷ್ಯಮಾಸದ ಚಳಿಯಲ್ಲಿ ಹಸು ಕರು ಹಾಕಿದರೆ, ಆಕೆ ಕರುವನ್ನು ಗೋಣಿಚೀಲದಿಂದ ಒರೆಸಿ, ರಾತ್ರಿ ಬಚ್ಚಲಿನ ಒಲೆಯ ಪಕ್ಕದಲ್ಲಿ ಮಲಗಿಸುತ್ತಿದ್ದರು. ದನಕ್ಕೆ ಕೂದಲಿಲ್ಲವೇ ಎಂದು ಬಾಲಕನಾದ ನಾನು ಕೇಳಿದ್ದಕ್ಕೆ, "ಹಗ್ಗ ಹಾಕಿದ್ದು ನಾವು. ಚಳಿ ಆದ್ರೆ ಅದು ಎಲ್ಲಿಗೆ ಹೋಗ್ಬೇಕು?" ಎಂದಿದ್ದರು. ಅಷ್ಟು ಸರಳವಾದ ಪಾಠವನ್ನು ಮರೆತು ನಾನು ಮೂವತ್ತು ವರ್ಷ ವಿಜ್ಞಾನ ಬೋಧಿಸಿದೆ.

ಆದ್ದರಿಂದ ನಿಮ್ಮ ಹಳೆಯ ನೋಟುಪುಸ್ತಕದಲ್ಲಿ ಆ ವಾಕ್ಯವನ್ನು ಹೀಗೆ ತಿದ್ದಿಕೊಳ್ಳಿ. ತುಪ್ಪಳ ಪ್ರಾಣಿಯ ಕಂಬಳಿ ನಿಜ. ಆದರೆ ಬೆಚ್ಚನೆಯ ಜಾಗವನ್ನು ತಾನೇ ಹುಡುಕಿಕೊಳ್ಳುವ ಸ್ವಾತಂತ್ರ್ಯವೂ ಅದಕ್ಕೆ ಇದ್ದಾಗ ಮಾತ್ರ ಆ ಕಂಬಳಿ ಸಾಕಾಗುತ್ತದೆ. ಗೂಡಿನ ಅಗುಳಿ ಹಾಕಿದವರು ಆ ಜಾಗವನ್ನೂ ಒದಗಿಸಬೇಕು.

ನಿನ್ನೆ ಆ ವಿದ್ಯಾರ್ಥಿ ಒಂದು ಚಿತ್ರ ಕಳಿಸಿದ್ದಾನೆ. ಊಟದ ಕೋಣೆಯ ಮೂಲೆಯಲ್ಲಿ ಗೂಡು, ಅದರ ಮುಂದೆ ಕೊತ್ತಂಬರಿ ಸೊಪ್ಪು ಹಿಡಿದು ಕುಳಿತ ಮಗಳು. ಏಳನೆಯ ತರಗತಿಯಲ್ಲಿ ಅವನಿಗೆ ವಿಜ್ಞಾನದಲ್ಲಿ ಎಷ್ಟು ಬಂದಿತ್ತೋ ನೆನಪಿಲ್ಲ. ಈ ಉತ್ತರಕ್ಕೆ ಮಾತ್ರ ಪೂರ್ಣ ಅಂಕ ಕೊಟ್ಟಿದ್ದೇನೆ.