ಸುಬೇದಾರನ ಮಾತಿಗೂ ಬೆಲೆಯಿರಲಿ

ಘಟಪ್ರಭೆಯ ನೀರುಂಡ ಗೋಕಾಕ, ಅದರ ಮಡಿಲಿನಿಂದ ಬೇರ್ಪಟ್ಟು ತಾಲೂಕೆನಿಸಿದ ಮೂಡಲಗಿ, ಹಿರಣ್ಯಕೇಶಿಯ ತೀರದ ಸಂಕೇಶ್ವರವನ್ನೊಳಗೊಂಡ ಹುಕ್ಕೇರಿ, ಈ ಮೂರು ಸೀಮೆಗಳ ಒಕ್ಕಲುಮನೆಗಳಿಂದ ಮಿಲಿಟರಿ ಭರತಿಗೆ ನಡೆದ ತರುಣರ ಪ್ರಾಣವು ಯಾವ ಅಧಿಕಾರಿಯ ವಿವೇಕವನ್ನು ನೆಚ್ಚಿಕೊಂಡಿರುವುದೋ ಆ ಅಧಿಕಾರಿಯನ್ನು ಮೇಲಕ್ಕೇರಿಸುವ ಕ್ರಮವು ಎಂಥದೆಂದು ಕೇಳುವ ಹಕ್ಕು ಅವರ ತಾಯ್ತಂದೆಯರಿಗೆ ನಿಶ್ಚಯವಾಗಿಯೂ ಉಂಟು.

ಲೆಫ್ಟಿನೆಂಟ್ ಕರ್ನಲ್ ಪದವಿಯವರೆಗೆ ಸೇವಾವಧಿಯೇ ಅಧಿಕಾರಿಯನ್ನು ಕೊಂಡೊಯ್ಯುತ್ತದೆ. ಪಡೆಯ ನಾಯಕತ್ವವನ್ನೀಯುವ ಕರ್ನಲ್ ಪದವಿಗೂ ಅದರಾಚೆಗೂ ಆಯ್ಕೆ ಮಂಡಳಿಯ ಜರಡಿ. ಮಂಡಳಿಯ ಮುಂದಿರುವ ಪ್ರಧಾನ ಸಾಧನವು ವಾರ್ಷಿಕ ಗೋಪ್ಯ ವರದಿ. ಅದನ್ನು ಬರೆಯುವವನು ನಿಕಟ ಮೇಲಧಿಕಾರಿ, ಪರಾಮರ್ಶಿಸುವವನು ಅವನಿಗೂ ಮೇಲಿನವನು. ಹೀಗೆ ನೋಟವೆಲ್ಲ ಮೇಲಿನಿಂದಲೇ. ಆ ಅಧಿಕಾರಿಯ ಆಜ್ಞೆಯಂತೆ ಹಿಮದಲ್ಲಿ ನಿಂತು ಅವನ ಧೈರ್ಯವನ್ನೂ ಅಧೈರ್ಯವನ್ನೂ ಕಣ್ಣಾರೆ ಕಂಡ ಸುಬೇದಾರನ ಮಾತಿಗೆ ಅಲ್ಲಿ ಸ್ಥಾನವಿಲ್ಲ.

ಮೇಲಿನವರ ಮೆಚ್ಚಿಕೆಯೊಂದೇ ಅಳತೆಯಾದರೆ ಏನಾದೀತೆಂಬುದಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರ ವೃತ್ತಾಂತವೇ ಸಾಕ್ಷಿ. 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಅವರ ಅಭಿಮತವನ್ನು ಮೀರಿ, ಯುದ್ಧದಲ್ಲಿ ಪದಾತಿದಳವನ್ನು ನಡೆಸಿದ ಅನುಭವವಿಲ್ಲದ ಬಿ.ಎಂ. ಕೌಲರನ್ನು ರಕ್ಷಣಾ ಸಚಿವ ಕೃಷ್ಣ ಮೆನನ್ನರು ಲೆಫ್ಟಿನೆಂಟ್ ಜನರಲ್ ಪದವಿಗೇರಿಸಿದರು. ಇಂಥ ವೈಮನಸ್ಯಗಳಿಂದ ನೊಂದು ತಿಮ್ಮಯ್ಯನವರು ಆ ವರ್ಷವೇ ರಾಜೀನಾಮೆಯನ್ನಿತ್ತು, ನೆಹರೂ ಅವರ ಮಾತಿಗೆ ಮಣಿದು ಅದನ್ನು ಹಿಂತೆಗೆದುಕೊಂಡರು. 1962ರ ಅಕ್ಟೋಬರದಲ್ಲಿ ಈಶಾನ್ಯ ಗಡಿಯ ನಾಲ್ಕನೆಯ ಕೋರಿನ ನಾಯಕತ್ವ ಸಂದುದು ಅದೇ ಕೌಲರಿಗೆ. ಆಗ ಚೀನದೊಡನೆ ನಡೆದ ಯುದ್ಧದ ಪರಾಭವಕ್ಕೆ ಕಾರಣಗಳು ಹಲವು, ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಚಳಿಗೆ ತಕ್ಕ ಉಡುಪಿಲ್ಲದೆ ಮಡಿದವರು ಸಿಪಾಯಿಗಳು ಎಂಬುದನ್ನು ಮರೆಯುವಂತಿಲ್ಲ.

ಕೈಕೆಳಗಿನವರ ಅಭಿಪ್ರಾಯ ಕೇಳಿದರೆ ಶಿಸ್ತು ಕೆಡುವುದು, ಸಡಿಲ ಬಿಡುವವನೇ ಒಳ್ಳೆಯವನೆನಿಸುವನು ಎಂಬ ಆಕ್ಷೇಪವುಂಟು. ಆದರೆ ಹತ್ತಾರು ವರ್ಷ ದುಡಿದ ಸುಬೇದಾರನು ಕಟ್ಟುನಿಟ್ಟಿಗೂ ಕ್ರೌರ್ಯಕ್ಕೂ ಇರುವ ಭೇದವನ್ನು ಬಲ್ಲನು. ಮತ ಹಾಕಿಸುವುದು ಬೇಡ. ಅಧಿಕಾರಿ ಆ ಪಡೆಯನ್ನು ಬಿಟ್ಟು ವರ್ಗವಾದ ಮೇಲೆ, ಅವನಿಗೆ ಸಂಬಂಧವಿಲ್ಲದ ಹಿರಿಯನೊಬ್ಬನು ಏಕಾಂತದಲ್ಲಿ ಕೆಲವರನ್ನು ವಿಚಾರಿಸಿ, ಬರೆದಿಟ್ಟುದನ್ನು ಮಂಡಳಿಯ ಮುಂದಿರಿಸಲಿ. ಇದರೊಡನೆ ಇನ್ನೊಂದು: ಸರಕಾರಿ ನೌಕರನಿಗೆ ಅವನ ಗೋಪ್ಯ ವರದಿಯ ಪ್ರತಿಯೊಂದು ನಮೂದನ್ನೂ ತಿಳಿಸಬೇಕೆಂದು 2008ರಲ್ಲಿ ವಿಧಿಸಿದ ಸರ್ವೋಚ್ಚ ನ್ಯಾಯಾಲಯವು ಸೇನಾಧಿಕಾರಿಗಳನ್ನು ಅದರಿಂದ ಹೊರಗಿರಿಸಿತು. ಬಡ್ತಿ ತಪ್ಪಿದವನಿಗೆ ಕಾರಣವನ್ನಾದರೂ ಲಿಖಿತವಾಗಿ ತಿಳಿಸುವ ನಿಯಮವನ್ನು ಸರಕಾರವೇ ಮಾಡಬಹುದು. ಬೆಳಗಾವಿ, ಚಿಕ್ಕೋಡಿ ಕ್ಷೇತ್ರಗಳ ನಮ್ಮ ಸಂಸದರು ಬರುವ ಅಧಿವೇಶನದಲ್ಲಿ ರಕ್ಷಣಾ ಸಚಿವರ ಮುಂದೆ ಈ ಎರಡು ಬೇಡಿಕೆಗಳನ್ನಿಡಲಿ.